ನೋಡುವ ಊರಾದ ಶ್ರೀರಂಗಪಟ್ಟಣ

ದ್ವೀಪವೆಂದೊಡನೆ ಕಡಲೂ ತೆಂಗಿನ ತೋಪೂ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ನಮ್ಮ ಮೈಸೂರಿಗೆ ಸುಮಾರು 15 ಕಿಲೋಮೀಟರು ದೂರದಲ್ಲಿ ಕಾವೇರಿಯೇ ಎರಡಾಗಿ ಹರಿದು ದ್ವೀಪವೊಂದನ್ನು ಮಾಡಿದೆ. ದಿನವೂ ಗಂಜಾಮಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ನನಗೆ, ನಮ್ಮೂರು 'ನೋಡುವ ಊರು' ಆದದ್ದು ಹೇಗೆಂಬ ಕುತೂಹಲ ಬಹಳ ದಿನಗಳಿಂದ ಇತ್ತು.

ಯಾತ್ರಿಕರು ಮೊದಲಿನಿಂದಲೂ ಬರುತ್ತಿದ್ದರು. ಆದಿರಂಗನ ದರ್ಶನಕ್ಕೂ ಪಶ್ಚಿಮವಾಹಿನಿಯ ಸ್ನಾನಕ್ಕೂ ಬಂದವರಿಗೆ ಊರನ್ನು ತೋರಿಸಬೇಕಾದವರು ಯಾರೂ ಬೇಕಿರಲಿಲ್ಲ. ಊರು ನೋಡಲೆಂದೇ ಬರುವ ಜನ ಹೆಚ್ಚಿದ್ದು 1799ರ ಮೇ 4ರಂದು ಟಿಪ್ಪು ಮಡಿದು ಕೋಟೆ ಬಿದ್ದ ಮೇಲೆ. ಮರುವರ್ಷವೇ ಲಂಡನ್ನಿನ ಜನ ರಾಬರ್ಟ್ ಕೆರ್ ಪೋರ್ಟರ್ ಬರೆದ, ಆ ಮುತ್ತಿಗೆಯ ಭಾರಿ ಚಿತ್ರವನ್ನು ಕಾಸು ಕೊಟ್ಟು ನೋಡಿದರು. ವಿಲ್ಕಿ ಕಾಲಿನ್ಸನು 1868ರ ತನ್ನ 'ದಿ ಮೂನ್‌ಸ್ಟೋನ್' ಕಾದಂಬರಿಯನ್ನು ಆರಂಭಿಸಿದ್ದೂ ಇಲ್ಲಿಯ ಲೂಟಿಯಿಂದಲೇ. ಚಿತ್ರದಲ್ಲಿ, ಕಥೆಯಲ್ಲಿ ಊರನ್ನು ಮೊದಲೇ ಕಂಡಿದ್ದವರು ಬಂದು ಹುಡುಕುತ್ತಿದ್ದುದು ಗೋಡೆ ಒಡೆದ ಜಾಗ, ಶವ ಸಿಕ್ಕ ಜಾಗ, ಸೆರೆಮನೆ. ಇಂದಿನ ಗೈಡುಗಳು ತೋರಿಸುವುದೂ ಹೆಚ್ಚುಕಡಿಮೆ ಇವನ್ನೇ!

ಇತ್ತ ಊರು ಬರಿದಾಗುತ್ತಿತ್ತು. ರಾಜಧಾನಿ ಮೈಸೂರಿಗೆ ಹೋಯಿತು. 1800ರಲ್ಲಿ ಬಂದ ಬುಕಾನನ್, ಕೋಟೆಯ ಮತ್ತು ಗಂಜಾಮಿನ ಮನೆಗಳನ್ನೆಣಿಸಿ ಜನಸಂಖ್ಯೆ 31,895 ಇದ್ದೀತೆಂದು ಲೆಕ್ಕ ಹಾಕಿದ. ಜ್ವರದ ಹಾವಳಿಗೆ ಅಂಜಿ ಇಂಗ್ಲಿಷರ ದಂಡೂ ಬೆಂಗಳೂರು ಸೇರಿತು. 1901ರ ಜನಗಣತಿಯಲ್ಲಿ ಉಳಿದವರು 8,584 ಮಂದಿ. ನೋಡುವವರು ಹೆಚ್ಚಿದಂತೆ ಇರುವವರು ಕಡಿಮೆಯಾದರು.

ಒಂದು ವಿಚಿತ್ರವನ್ನು ಮಾತ್ರ ಹೇಳಲೇಬೇಕು. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಗೋಡೆಯ ಮೇಲೆ, 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ಕರ್ನಲ್ ಬೇಲಿ ಸೋತ ಕಾಳಗದ ಚಿತ್ರವಿದೆ. ಅಳಿಸಿಹೋಗುತ್ತಿದ್ದ ಆ ಚಿತ್ರಗಳನ್ನು ಮತ್ತೆ ಬರೆಯಿಸಿದವನು ಇಂಗ್ಲಿಷರದೇ ಗವರ್ನರ್ ಜನರಲ್ ಡಾಲ್‌ಹೌಸಿ! ಗೆದ್ದವನಿಗೆ ತನ್ನ ಹಳೆಯ ಸೋಲೂ ನೋಡತಕ್ಕ ವಸ್ತುವಾಗುತ್ತದೆಂದು ತೋರುತ್ತದೆ.

1882ರ ವೇಳೆಗೆ ರೈಲು ದ್ವೀಪವನ್ನು ದಾಟಿ ಮೈಸೂರಿಗೆ ಬಂತು. ಆಮೇಲೆ ಕನ್ನಂಬಾಡಿ ಕಟ್ಟೆ, ಮಿರ್ಜಾ ಸಾಹೇಬರ ಕಾಲದ ಬೃಂದಾವನ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು. ಇವೆಲ್ಲ ಸೇರಿ ಮೈಸೂರಿನಿಂದ ಹೊರಡುವ ಒಂದು ದಿನದ ಸುತ್ತಾಯಿತು. ಅದರಲ್ಲಿ ನಮ್ಮೂರಿಗೆ ಸಿಗುವುದು ಎರಡು ಗಂಟೆ ಹೊತ್ತು. ಊಟ, ವಸತಿ, ರೇಷ್ಮೆ ಸೀರೆಯ ವ್ಯಾಪಾರ ಎಲ್ಲವೂ ಮೈಸೂರಿನಲ್ಲೇ. ನಮ್ಮವರಿಗೆ ಎಳನೀರು, ಸೌತೆಕಾಯಿಗಳ ಮಾರಾಟ. 2017ರಲ್ಲಿ ಜೋಡಿ ರೈಲುಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಸರಿಸಿ ಉಳಿಸಿಕೊಂಡರು. 2023ರಲ್ಲಿ ತೆರೆದ ಹೊಸ ಹೆದ್ದಾರಿ ಊರನ್ನು ಬದಿಗಿಟ್ಟು ಸಾಗಿತು.

ಸಹಪಾಠಿಗಳು ಮನೆಗೆ ಬಂದರೆ ನಾನು ಮೊದಲು ಕರೆದೊಯ್ಯುವುದು ಹಳೆಯ ಕಲ್ಲುಸೇತುವೆಗೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದದ್ದು ಅದು. ಹೆಸರು ಮಾತ್ರ ವೆಲ್ಲೆಸ್ಲಿಯದು. ಪ್ರವಾಸಿ ಬಸ್ಸುಗಳು ಅಲ್ಲಿ ನಿಂತದ್ದನ್ನು ನಾನು ಕಂಡಿಲ್ಲ.