ಬಿಲ್ಲಿಗೆ ತಕ್ಕ ಬಾಣ: ಕಡ್ಡಿಯ ಬಿಗುವಿನ ಲೆಕ್ಕ

1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಜಗಳೂರು ಸೀಮೆ ಚಿತ್ರದುರ್ಗಕ್ಕೆ ಸೇರಿತ್ತು. 1779ರಲ್ಲಿ ಹೈದರಾಲಿಯ ಕೈಸೇರುವ ತನಕ ದುರ್ಗವನ್ನು ಆಳಿದ ನಾಯಕರು ಬೇಡ ಕುಲದವರು. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ಮ್ಯಾಸಬೇಡರ ಹಟ್ಟಿಗಳು ಈಗಲೂ ಇವೆ. ಬೇಡರ ಬೇಟೆಯ ಕಾಲ ಮುಗಿದು ಬಿಲ್ಲು ಈಗ ಆಟದ ಸಾಮಾನಾಗಿದೆ. ಆದರೆ ಹಳೆಯ ಬೇಟೆಗಾರ ಬೆರಳಲ್ಲೇ ಬಾಗಿಸಿ ನೋಡುತ್ತಿದ್ದ ಒಂದು ಗುಣವನ್ನು ಇಂದು ಬಿಲ್ಲು ಹಿಡಿಯುವವರೂ ಅರಿಯಲೇಬೇಕು. ಅದು ಬಾಣದ ಕಡ್ಡಿಯ ಬಿಗುವು. ಕ್ರೀಡಾಪಟುಗಳ ಮಾತಿನಲ್ಲಿ ಸ್ಪೈನ್.

ಬಾಣ ಬಾಗದೆ ಹೋಗದು

ತುದಿಗಳು ಹೊರಕ್ಕೆ ಬಾಗಿದ ರೀಕರ್ವ್ ಬಿಲ್ಲಿನಲ್ಲಿ ಹೆದೆ ನಡುಮಧ್ಯದಲ್ಲಿರುತ್ತದೆ. ಬಾಣ ಮಾತ್ರ ಹಿಡಿಯ ಪಕ್ಕಕ್ಕೆ ಒರಗಿ ಕೂತಿರುತ್ತದೆ. ಹೆದೆ ಮುಂದಕ್ಕೆ ನುಗ್ಗಿದಾಗ ಬಾಣ ನೇರ ಸಾಗಬೇಕಾದರೆ ಹಿಡಿ ಅಡ್ಡ ಬರುತ್ತದೆ. ಅಲ್ಲದೆ ಮೂರು ಬೆರಳಿನಿಂದ ಜಾರುವ ಹೆದೆ ಕೊಂಚ ಪಕ್ಕಕ್ಕೂ ಸರಿಯುತ್ತದೆ. ಹಿಂದಿನಿಂದ ತಳ್ಳು, ಮುಂದೆ ಮೊನೆಯ ಭಾರ. ಇವೆರಡರ ನಡುವೆ ಸಿಕ್ಕ ಕಡ್ಡಿಯ ನಡುಭಾಗ ಮೊದಲು ಹಿಡಿಯತ್ತ ಬಾಗುತ್ತದೆ, ಮರುಗಳಿಗೆ ಹೊರಕ್ಕೆ ಬಾಗುತ್ತದೆ. ಹೀಗೆ ಬಳುಕುತ್ತಲೇ ಹಿಡಿಯನ್ನು ಬಳಸಿಕೊಂಡು, ಗರಿ ತಾಗದಂತೆ ಆಚೆ ದಾಟುತ್ತದೆ. ಇಷ್ಟೆಲ್ಲ ನಡೆಯುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನೊಳಗೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ ಮೇಲೆಯೇ ಇದು ಕಣ್ಣಿಗೆ ಕಂಡದ್ದು.

ಬಳುಕಿನ ವೇಗ ಬಿಲ್ಲಿನ ವೇಗಕ್ಕೆ ಹೊಂದಬೇಕು. ಕಡ್ಡಿ ತೀರಾ ಗಟ್ಟಿಯಾದರೆ ಬಳುಕದೆ ಹಿಡಿಗೆ ತಾಗಿ ಹೊರಕ್ಕೆ ಸಿಡಿಯುತ್ತದೆ. ತೀರಾ ಮೆದುವಾದರೆ ಅತಿಯಾಗಿ ಬಾಗಿ ಇನ್ನೊಂದು ಕಡೆಗೆ ಹೋಗುತ್ತದೆ. ಹೊಂದದ ಬಿಲ್ಲು-ಬಾಣ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಹ ಜೋಡಿ. ಹೊಡೆಯುವವನು ಎಷ್ಟೇ ಕೈ ಸಾಧಿಸಿದರೂ ಗುರಿ ಕೂಡುವುದಿಲ್ಲ.

ಮನೆಯಲ್ಲೇ ಅಳತೆ

ಮರದ ಬಾಣಕ್ಕೆ ಹಳೆಯ ಅಳತೆ ಸರಳ. 26 ಇಂಚು, ಅಂದರೆ 66 ಸೆಂ.ಮೀ. ಅಂತರದ ಎರಡು ಮೊಳೆಗಳ ಮೇಲೆ ಕಡ್ಡಿಯನ್ನು ಅಡ್ಡ ಇಡಿ. ಸರಿಯಾಗಿ ನಡುವಿಗೆ 2 ಪೌಂಡ್ ತೂಕ ತೂಗುಹಾಕಿ. ಒಂದು ಲೀಟರ್ ಬಾಟಲಿಗೆ ನೀರು ಹಾಕಿ, ಬಾಟಲಿ, ದಾರ ಎಲ್ಲ ಸೇರಿ 907 ಗ್ರಾಂ ಬರುವಂತೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡರೆ ಸಾಕು. ಕಡ್ಡಿಯ ನಡು ಎಷ್ಟು ಮಿಲಿಮೀಟರ್ ಇಳಿಯಿತೆಂದು ಸ್ಕೇಲಿನಲ್ಲಿ ನೋಡಿ, 660ನ್ನು ಆ ಸಂಖ್ಯೆಯಿಂದ ಭಾಗಿಸಿ. ಬಂದದ್ದೇ ಪೌಂಡ್ ಲೆಕ್ಕದ ಬಿಗುವು. 22 ಮಿ.ಮೀ. ಇಳಿದರೆ 30 ಪೌಂಡ್, 16.5 ಇಳಿದರೆ 40. 13 ಇಳಿದರೆ 50ರ ಆಸುಪಾಸು.

ಅಂಗಡಿಯ ಕಾರ್ಬನ್ ಬಾಣದ ಮೇಲೆ 500, 600 ಎಂದು ಬರೆದಿರುವುದು ಬೇರೆ ಲೆಕ್ಕ. ಅಲ್ಲಿ ಅಂತರ 28 ಇಂಚು, ತೂಕ 880 ಗ್ರಾಂ. 500 ಎಂದರೆ ಅರ್ಧ ಇಂಚು ಬಾಗಿತೆಂದು. ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು.

ಎಷ್ಟು ಬಿಗುವು ಬೇಕು?

ಬಿಲ್ಲಿನ ಮೇಲೆ ಬರೆದಿರುವ ತೂಕ 28 ಇಂಚು ಸೆಳೆದಾಗಿನದು. 40 ಪೌಂಡಿನ ಬಿಲ್ಲನ್ನು 26 ಇಂಚು ಮಾತ್ರ ಸೆಳೆಯುವವರ ಬೆರಳಿಗೆ ಬರುವುದು 35 ಪೌಂಡಿನಷ್ಟು. ಸೆಳೆತ ಒಂದು ಇಂಚು ತಗ್ಗಿದರೆ ಸುಮಾರು ಎರಡರಿಂದ ಎರಡೂವರೆ ಪೌಂಡ್ ಇಳಿಯುತ್ತದೆ. ಆದ್ದರಿಂದ ಮೊದಲು ನಿಮ್ಮ ಸೆಳೆತದ ತೂಕ ತಿಳಿಯಿರಿ. ಬಾಣ 28 ಇಂಚು, ಮೊನೆ ಆರೂವರೆಯಿಂದ ಎಂಟು ಗ್ರಾಂ ಇದ್ದರೆ, ಸೆಳೆತದ ತೂಕದಷ್ಟೇ ಬಿಗುವಿನ ಕಡ್ಡಿಯಿಂದ ಆರಂಭಿಸಬಹುದು. ಆಮೇಲೆ ಈ ತಿದ್ದುಪಡಿಗಳು:

1. ಬಾಣ ಒಂದು ಇಂಚು ಉದ್ದವಾದರೆ 5 ಪೌಂಡ್ ಹೆಚ್ಚು ಬಿಗುವು ಬೇಕು. ಗಿಡ್ಡವಾದರೆ ಅಷ್ಟೇ ಕಡಿಮೆ.
2. ಮೊನೆ ಭಾರವಾದಷ್ಟೂ ಕಡ್ಡಿ ಮೆದುವಾಗಿ ವರ್ತಿಸುತ್ತದೆ. ಆಗ ಗಟ್ಟಿ ಕಡ್ಡಿ ಬೇಕು.
3. ಹಿಗ್ಗದ ಹೊಸ ಬಗೆಯ ಹೆದೆ ಬಾಣವನ್ನು ಜೋರಾಗಿ ತಳ್ಳುತ್ತದೆ. ಅದಕ್ಕೂ ಬಿಗುವು ಹೆಚ್ಚಿರಲಿ.
4. ಹಿಡಿಯಲ್ಲಿ ನಡುವಿನವರೆಗೆ ಕೊರೆದ ಬಿಲ್ಲು ಗಟ್ಟಿ ಬಾಣವನ್ನು ಸಹಿಸುತ್ತದೆ. ಕೊರೆಯದ, ದಪ್ಪ ಹಿಡಿಯ ಹಳೆಯ ಮಾದರಿಗೆ ಮೆದು ಬಾಣವೇ ಸರಿ.

ಗರಿಯಿಲ್ಲದ ಬಾಣದ ಪರೀಕ್ಷೆ

ಲೆಕ್ಕ ದಾರಿ ತೋರಿಸುತ್ತದೆ, ತೀರ್ಪು ಕೊಡುವುದು ಗುರಿಯೇ. ಒಂದೇ ಬಗೆಯ ಐದು ಬಾಣಗಳಲ್ಲಿ ಮೂರಕ್ಕೆ ಗರಿ ಕಟ್ಟಿ, ಎರಡನ್ನು ಬರಿದಾಗಿ ಬಿಡಿ. ಹತ್ತು ಮೀಟರ್ ದೂರದಿಂದ ಹುಲ್ಲಿನ ಗುರಿಗೆ ಹೊಡೆಯಿರಿ. ಗರಿ ಬಾಣದ ತಪ್ಪನ್ನು ಹಾರುತ್ತಲೇ ತಿದ್ದುತ್ತದೆ. ಬರಿ ಕಡ್ಡಿ ತನ್ನ ತಪ್ಪನ್ನು ಮುಚ್ಚಿಡದು. ಬಲಗೈಯಿಂದ ಮೂರು ಬೆರಳಲ್ಲಿ ಸೆಳೆಯುವವರಿಗೆ ಬರಿ ಕಡ್ಡಿ ಎಡಕ್ಕೆ ನಾಟಿದರೆ ಅದು ಗಟ್ಟಿ, ಬಲಕ್ಕೆ ನಾಟಿದರೆ ಮೆದು. ಎಡಗೈಯವರಿಗೂ, ಹೆಬ್ಬೆರಳಲ್ಲಿ ಸೆಳೆದು ಬಾಣವನ್ನು ಬಲಗಡೆ ಇಡುವವರಿಗೂ ಇದು ತಿರುವುಮುರುವು.

ಗಟ್ಟಿಯಾಗಿದ್ದರೆ ಭಾರದ ಮೊನೆ ಹಾಕಿ, ಇಲ್ಲವೇ ಕಡ್ಡಿಯನ್ನು ಉಜ್ಜುಕಾಗದದಿಂದ ಸಣ್ಣ ಮಾಡಿ. ಉಜ್ಜುವಾಗ ಕೈ ಹಿಡಿತದಲ್ಲಿರಲಿ: ಬಿಗುವು ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 8 ಮಿ.ಮೀ. ಕಡ್ಡಿ 7.5ಕ್ಕೆ ಇಳಿದರೆ ಹತ್ತಿರಹತ್ತಿರ ಕಾಲುಭಾಗ ಬಿಗುವು ಹೋಯಿತು. ಮೆದುವಾಗಿದ್ದರೆ ಹಗುರ ಮೊನೆ ಹಾಕಿ, ಅಥವಾ ಕಾಲು ಇಂಚಿನಂತೆ ಕತ್ತರಿಸುತ್ತಾ ಬನ್ನಿ. ಪೂರ್ತಿ ಸೆಳೆದಾಗ ಮೊನೆ ಹಿಡಿಗಿಂತ ಮುಂದೆಯೇ ಇರಬೇಕು.

ಬಿದಿರಿನ ಕಡ್ಡಿ

ಬಿದಿರು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಈ ಗುಣವನ್ನು ನಮ್ಮ ಹಿಂದಿನವರು ಬಲ್ಲವರೇ. ಸಂಸ್ಕೃತದ ಧನುರ್ವೇದ ಗ್ರಂಥಗಳು ಬಾಣದಲ್ಲಿ ಮೂರು ಜಾತಿ ಹೇಳುತ್ತವೆ: ಮುಂದೆ ದಪ್ಪವಿರುವ ಹೆಣ್ಣುಬಾಣ ದೂರಕ್ಕೆ, ಹಿಂದೆ ದಪ್ಪವಿರುವ ಗಂಡುಬಾಣ ಗಟ್ಟಿಯಾದುದನ್ನು ಭೇದಿಸಲಿಕ್ಕೆ, ಸಮನಾದ ನಪುಂಸಕ ಬಾಣ ಗುರಿಯ ಅಭ್ಯಾಸಕ್ಕೆ. ಬಿದಿರಿನ ಸ್ವಭಾವ ಬಲ್ಲ ಮೇದಾರರನ್ನು ಕೇಳಿ ಚೆನ್ನಾಗಿ ಬಲಿತು ಒಣಗಿದ ಕಡ್ಡಿ ಆರಿಸಿಕೊಳ್ಳಿ. ಪ್ರತಿ ಕಡ್ಡಿಯನ್ನೂ ಒಮ್ಮೆ ಅಳೆದು, ಕಾಲುಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಕಡಿಮೆ ಬಾಗುವ ಮಗ್ಗುಲು ಬಿಲ್ಲಿನ ಕಡೆ ಬರುವಂತೆ ಹಿಂದಿನ ಕಚ್ಚು ಕೊರೆಯಿರಿ. ಒಂದು ಕಟ್ಟಿನ ಬಾಣಗಳಲ್ಲಿ 5 ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಬೇಡ.

ಎಚ್ಚರ

ಹೊಡೆಯುವ ಮುನ್ನ ಪ್ರತಿ ಬಾಣವನ್ನೂ ತುಸು ಬಾಗಿಸಿ ಬಿರುಕಿನ ಸದ್ದು ಆಲಿಸಿ. ಬಿರುಕು ಬಿಟ್ಟ ಕಡ್ಡಿ ಮುರಿದು ಕೈಗೇ ನಾಟೀತು. ಬಾಣವಿಲ್ಲದೆ ಹೆದೆ ಬಿಡಬೇಡಿ. ಸೆಳೆತದ ಪ್ರತಿ ಪೌಂಡಿಗೆ ಅರ್ಧ ಗ್ರಾಂಗಿಂತ ಹಗುರವಾದ ಬಾಣ ಬಿಲ್ಲಿಗೆ ಪೆಟ್ಟು. ಗುರಿಯ ಹಿಂದೆ ಮಣ್ಣಿನ ದಿಬ್ಬವಿರಲಿ, ಜನ-ದನ ಓಡಾಡುವ ದಾರಿ ಬೇಡ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಈಗ ಕೊಂಡುಕುರಿಗಳ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯ ಬೇಟೆ ಅಪರಾಧ. ಬಿಲ್ಲಿನ ಗುರಿ ಹುಲ್ಲಿನ ಕಟ್ಟಾಗಿಯೇ ಇರಲಿ.

ಬಿಲ್ಲು ಕೊಳ್ಳುವಾಗ ಎಲ್ಲರೂ ಪೌಂಡ್ ಎಷ್ಟೆಂದು ಕೇಳುತ್ತಾರೆ. ಬಾಣ ಕೊಳ್ಳುವಾಗಲೂ ಬಿಗುವು ಎಷ್ಟೆಂದು ಕೇಳಿ. ಅಂಗಡಿಯವರು ಹೇಳದಿದ್ದರೆ ನೀರಿನ ಬಾಟಲಿ ತೂಗುಹಾಕಿ ನೀವೇ ಅಳೆಯಿರಿ. ಹೊಂದುವ ಬಾಣವಿದ್ದರೆ ಸಾಧಾರಣ ಬಿಲ್ಲೂ ಗುರಿ ಮುಟ್ಟಿಸುತ್ತದೆ. ಹೊಂದದ ಬಾಣಕ್ಕೆ ಎಷ್ಟು ಬೆಲೆಯ ಬಿಲ್ಲಾದರೂ ಪ್ರಯೋಜನವಿಲ್ಲ.