ಇಂಜಿನಿಯರಿಂಗಿನ ಮೊದಲನೆಯ ವರುಷ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಗೃಹಸ್ಥರು ಮಕ್ಕಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಕಳುಹಿಸುವಾಗ ಸೀಟು, ಶುಲ್ಕ, ವಸತಿಗಳನ್ನು ವಿಚಾರಿಸುವರಲ್ಲದೆ, ಮೊದಲನೆಯ ವರುಷದಲ್ಲಿ ಏನನ್ನು ಕಲಿಸುವರೆಂದು ಕೇಳುವವರು ವಿರಳ. ಹುಡುಗರು ಎಡವುವುದಾದರೆ ಬಹುಮಟ್ಟಿಗೆ ಅಲ್ಲಿಯೇ.

1998ರಲ್ಲಿ ಸ್ಥಾಪಿತವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಹೊಸಬರನ್ನು ಎರಡು ಪಂಗಡ ಮಾಡುವ ರೂಢಿಯುಂಟು. ಒಂದಕ್ಕೆ 'ಫಿಸಿಕ್ಸ್ ಸೈಕಲ್', ಇನ್ನೊಂದಕ್ಕೆ 'ಕೆಮಿಸ್ಟ್ರಿ ಸೈಕಲ್'. ಅರ್ಧವರ್ಷ ಕಳೆದ ಮೇಲೆ ಅದಲುಬದಲು. ಗಣಿತವು ಎರಡರಲ್ಲಿಯೂ ಇದ್ದೇ ಇರುವುದು. ಜೊತೆಗೆ ಡ್ರಾಯಿಂಗು, ಕಂಪ್ಯೂಟರಿನ ಪ್ರೋಗ್ರಾಮು, ಅನ್ಯಶಾಖೆಗಳ ಮೂಲಪಾಠಗಳು. ಸಿವಿಲ್ ಓದುವವನಿಗೆ ವಿದ್ಯುತ್ತಿನ ಪಾಠವೇಕೆಂದು ತಂದೆಯಂದಿರು ಕೇಳುವುದುಂಟು.

ಅಂಥವರು ಮುನಿರಾಬಾದಿಗೆ ಹೋಗಿ ತುಂಗಭದ್ರೆಯ ಅಣೆಕಟ್ಟನ್ನು ನೋಡಬೇಕು. ನೀರಿನ ಒತ್ತಡವು ಹತ್ತು ಮೀಟರ್ ಆಳದಲ್ಲಿರುವುದಕ್ಕಿಂತ ಇಪ್ಪತ್ತು ಮೀಟರಿನಲ್ಲಿ ಎರಡರಷ್ಟು. ಆದಕಾರಣವೇ ಕಟ್ಟೆಯ ಬುಡ ಅಗಲ, ನೆತ್ತಿ ಕಿರಿದು. ಒತ್ತಡ ಎರಡರಷ್ಟಾದಾಗ ಕಟ್ಟೆಯ ಮೇಲಿನ ಒಟ್ಟು ನೂಕುಬಲವು ನಾಲ್ಕರಷ್ಟಾಗುವುದೇಕೆ ಎಂಬುದು ಗಣಿತದ ಪಾಠ. 2024ರ ಆಗಸ್ಟ್ 10ರ ರಾತ್ರಿ ಇಲ್ಲಿನ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತಷ್ಟೆ. ಕಟ್ಟೆಯು ಸಿವಿಲ್‌ನವರದು, ಸರಪಳಿಯು ಮೆಕ್ಯಾನಿಕಲ್‌ನವರದು, ಗೇಟೆತ್ತುವ ಮೋಟಾರು ವಿದ್ಯುತ್ತಿನವರದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ರಸಾಯನಶಾಸ್ತ್ರದ ವಿಷಯ. ನೀರು ಮಾತ್ರ ಗಂಗಾವತಿಯ ಗದ್ದೆಯವರದು!

ಆದರೆ ಕನ್ನಡ ಶಾಲೆಯಲ್ಲಿ ಕಲಿತ ಹುಡುಗನನ್ನು ಕಾಡುವುದು ಗಣಿತಕ್ಕಿಂತಲೂ ಇಂಗ್ಲಿಷು. ನಿಜಾಮರ ಆಳಿಕೆಯಲ್ಲಿ ಈ ಸೀಮೆಗಳಿದ್ದಾಗ, 1918ರ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ವಿದ್ಯೆಯನ್ನು ಉರ್ದುವಿನಲ್ಲಿ ಕಲಿಸಿ, ದೇಶಭಾಷೆಯಲ್ಲಿ ಅದು ಸಾಧ್ಯವೆಂದು ತೋರಿಸಿತು. ನಮ್ಮ ಕನ್ನಡದ ಹುಡುಗರಿಗೆ ಅದೂ ಪರಭಾಷೆಯೇ ಆಯಿತೆನ್ನಿ. 2021ರಲ್ಲಿ ಕನ್ನಡದಲ್ಲಿಯೂ ಇಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿಯು ಅನುಮತಿಯಿತ್ತಿತು.

ಪಾರಿಭಾಷಿಕ ಪದಗಳಿಂದಲೇ ಕೆಲಸವಾಗದು. 'ಇಂಟಿಗ್ರೇಷನ್' ಎಂಬುದಕ್ಕೆ 'ಅನುಕಲನ'ವೆಂದರೆ ಸಂಸ್ಕೃತವನ್ನೋದಿದ ನಮಗೆ ಹಿತವಾದೀತು. ಹುಡುಗನಿಗೆ ಎರಡೂ ಕಬ್ಬಿಣದ ಕಡಲೆ. ಕಟ್ಟೆಯ ಮುಖವನ್ನು ಮೇಲಿನಿಂದ ಕೆಳಗೆ ತೆಳ್ಳಗಿನ ಪಟ್ಟಿಗಳಾಗಿ ಭಾಗಿಸಿ, ಒಂದೊಂದರ ಮೇಲಿನ ಬಲವನ್ನೂ ಕೂಡಿಸುತ್ತ ಹೋಗುವುದೆಂದು ತಿಳಿಹೇಳಿದರೆ ಅವನೇ ತಲೆದೂಗುವನು. ಸೀಟು ದೊರೆತ ಮೇಲೆ ಕಾಲೇಜು ತೆರೆಯುವವರೆಗೆ ಕೆಲವು ವಾರಗಳ ಬಿಡುವಿರುವುದು. ಆಗ ಪಿಯುಸಿಯ ಗಣಿತವನ್ನು ಇಂಗ್ಲಿಷ್ ಪುಸ್ತಕವಿಟ್ಟುಕೊಂಡು, ಕನ್ನಡದಲ್ಲಿ ಬಾಯಿಬಿಟ್ಟು ಹೇಳುತ್ತ, ದಿನಕ್ಕೆ ನಾಲ್ಕೇ ಲೆಕ್ಕಗಳನ್ನು ಮಾಡಲಿ; ಮನೆಯಲ್ಲಿ ಗಣಿತ ಬಾರದ ತಾಯಿಯಾದರೂ ಎದುರಿಗೆ ಕುಳಿತು ಕೇಳಲಿ.