ಎಳೆಯ ಮೂಳೆ, ತಾಳ್ಮೆಯ ವಿದ್ಯೆ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳ ನಡತೆಯನ್ನು ಕುರಿತು ಹೇಳುತ್ತ ಬಂದಿದ್ದಾರೆ. ಫ್ರಾನ್ಸ್ ದೇಶದ ವೈದ್ಯನೊಬ್ಬನು ಇದೇ ತತ್ವವನ್ನು ಮಕ್ಕಳ ಮೂಳೆಗಳಿಗೆ ಅನ್ವಯಿಸಿದನು. 1741ರಲ್ಲಿ ನಿಕೊಲಾ ಆಂದ್ರಿ ಎಂಬಾತನು ಪ್ರಕಟಿಸಿದ ಗ್ರಂಥದಲ್ಲಿ, ಡೊಂಕಾಗಿ ಬೆಳೆಯುತ್ತಿರುವ ಎಳೆಯ ಮರವೊಂದನ್ನು ನೆಟ್ಟನೆಯ ಗೂಟಕ್ಕೆ ಹಗ್ಗದಿಂದ ಬಿಗಿದಿರುವ ಚಿತ್ರವಿದೆ. ‘ಆರ್ಥೊಪೀಡಿಕ್ಸ್’ ಎಂಬ ಶಬ್ದವನ್ನು ಗ್ರೀಕ್ ಮೂಲಗಳಿಂದ ಕಟ್ಟಿದವನೂ ಅವನೇ. ‘ಆರ್ಥೊಸ್’ ಎಂದರೆ ನೇರವಾದುದು; ‘ಪೈಡಿಯೊನ್’ ಎಂದರೆ ಮಗು. ಇಂದು ವೃದ್ಧರ ಮೊಣಕಾಲು ನೋವಿಗೆಂದೇ ನಾವು ನೆನೆಯುವ ಈ ಶಾಸ್ತ್ರವು ಹುಟ್ಟಿದ್ದು ಮಗುವಿನ ಹೆಸರಿನಲ್ಲಿ!

ಆ ಶಾಸ್ತ್ರದ ಹೊಸ ಕವಲೊಂದು ಇತ್ತೀಚಿನ ಐವತ್ತು ವರ್ಷಗಳಲ್ಲಿ ಬೆಳೆದು ಬಂದಿದೆ. ಆಟದಲ್ಲಿ ಗಾಯಗೊಂಡ ಮಕ್ಕಳ ಮೂಳೆ-ಕೀಲುಗಳ ಚಿಕಿತ್ಸೆಯೇ ಅದರ ಕ್ಷೇತ್ರ. ಅದರ ಬೆಳವಣಿಗೆಯನ್ನು ಅರಿಯಲು ಅಮೆರಿಕೆಯ ಬಾಸ್ಟನ್ ನಗರದ ಪ್ರಾಧ್ಯಾಪಕ ಲೈಲ್ ಮಿಕೆಲಿಯವರ ವೃತ್ತಿಜೀವನವನ್ನು ನೋಡಿದರೆ ಸಾಕು.

ಮಗುವೆಂದರೆ ಸಣ್ಣ ಗಾತ್ರದ ದೊಡ್ಡವನಲ್ಲ

ಮಕ್ಕಳಿಗೇ ಪ್ರತ್ಯೇಕ ಶಸ್ತ್ರವೈದ್ಯರೇಕೆ ಬೇಕು? ಮಗುವಿನ ಉದ್ದ ಮೂಳೆಗಳ ತುದಿಗಳ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಇದೇ ಬೆಳವಣಿಗೆಯ ಫಲಕ. ಮೂಳೆ ಉದ್ದವಾಗುವುದು ಇಲ್ಲಿಂದಲೇ. ತೊಡೆಮೂಳೆಯ ಕೆಳತುದಿಯ ಫಲಕವೊಂದೇ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳವಣಿಗೆಯನ್ನು ಕೊಡುತ್ತದೆ. ಸಾಮಾನ್ಯವಾಗಿ ಹುಡುಗಿಯರಲ್ಲಿ 14, ಹುಡುಗರಲ್ಲಿ 16 ವರ್ಷದ ಸುಮಾರಿಗೆ ಮೊಣಕಾಲಿನ ಸುತ್ತಲಿನ ಈ ಫಲಕಗಳು ಮುಚ್ಚಿಕೊಂಡು ಗಟ್ಟಿ ಮೂಳೆಯಾಗುತ್ತವೆ. ಅದಕ್ಕೆ ಮೊದಲೇ ಫಲಕಕ್ಕೆ ಪೆಟ್ಟು ಬಿದ್ದರೆ ಕಾಲು ಗಿಡ್ಡವಾಗಬಹುದು, ಇಲ್ಲವೇ ಸೊಟ್ಟಗಾಗಬಹುದು. ಪೆಟ್ಟು ಆಟದ್ದಾದರೇನು, ವೈದ್ಯನ ಕೈಯದ್ದಾದರೇನು? ಪರಿಣಾಮ ಒಂದೇ.

ಬಾಸ್ಟನ್ನಿನ ಚಿಕಿತ್ಸಾಲಯ

ಮಿಕೆಲಿಯವರು 1962ರಲ್ಲಿ ಹಾರ್ವರ್ಡ್ ಕಾಲೇಜಿನಿಂದಲೂ 1966ರಲ್ಲಿ ಹಾರ್ವರ್ಡ್ ವೈದ್ಯಶಾಲೆಯಿಂದಲೂ ಪದವಿ ಪಡೆದರು. ಸ್ವತಃ ರಗ್ಬಿ ಆಟಗಾರರು. 1974ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಅವರು ತೆರೆದ ಕ್ರೀಡಾ ಚಿಕಿತ್ಸಾಲಯವು ಅಮೆರಿಕೆಯಲ್ಲಿ ಮಕ್ಕಳಿಗೆಂದೇ ಸ್ಥಾಪಿತವಾದ ಮೊದಲನೆಯದು. ಕಾಲವೂ ಅದಕ್ಕೆ ಹದವಾಗಿತ್ತು. ಬೀದಿಯಲ್ಲಿ ಮನಬಂದಂತೆ ಆಡುತ್ತಿದ್ದ ಮಕ್ಕಳು ತರಬೇತುದಾರನ ಶಿಳ್ಳೆಗೆ ತಕ್ಕಂತೆ ಒಂದೇ ಆಟವನ್ನು ವರ್ಷವಿಡೀ ಆಡತೊಡಗಿದ್ದರು. 1972ರ ಕಾನೂನೊಂದು ಅಲ್ಲಿನ ಶಾಲೆ-ಕಾಲೇಜುಗಳ ಕ್ರೀಡಾಂಗಣವನ್ನು ಹೆಣ್ಣುಮಕ್ಕಳಿಗೂ ತೆರೆದಿತ್ತು. ಒಮ್ಮೆಲೇ ಬಿದ್ದ ಪೆಟ್ಟಿನಿಂದಲ್ಲದೆ, ಒಂದೇ ಚಲನೆಯನ್ನು ಸಾವಿರ ಬಾರಿ ಮಾಡಿದ್ದರಿಂದ ನೊಂದ ಮೊಣಕೈ, ಹಿಮ್ಮಡಿ, ಬೆನ್ನುಗಳು ವೈದ್ಯರ ಬಳಿಗೆ ಬರಲಾರಂಭಿಸಿದವು. ಬಾಸ್ಟನ್ ಬ್ಯಾಲೆ ತಂಡದ ನರ್ತಕಿಯರಿಗೂ ಮಿಕೆಲಿಯವರು ವೈದ್ಯರಾದರು.

ಕಾಯಲೂ ಆಗದು, ಕೊರೆಯಲೂ ಆಗದು

ಈ ಕ್ಷೇತ್ರದ ಅತಿ ಕಠಿಣ ಸಮಸ್ಯೆಯು ಮೊಣಕಾಲಿನೊಳಗಿನ ಮುಂಭಾಗದ ಅಡ್ಡರಜ್ಜುವಿನದು. ಅದು ಹರಿದರೆ ತಿರುಗುವಾಗ ಮೊಣಕಾಲು ಕೈಕೊಡುತ್ತದೆ. ದೊಡ್ಡವರಲ್ಲಾದರೆ ತೊಡೆಮೂಳೆ, ಮೊಣಕಾಲಿನ ಕೆಳಮೂಳೆಗಳಲ್ಲಿ ರಂಧ್ರ ಕೊರೆದು ಹೊಸ ರಜ್ಜುವನ್ನು ಕೂರಿಸುತ್ತಾರೆ. ಹತ್ತು ವರ್ಷದ ಮಗುವಿನಲ್ಲಿ ಆ ರಂಧ್ರವು ಬೆಳವಣಿಗೆಯ ಫಲಕವನ್ನೇ ಹಾಯ್ದು ಹೋಗುತ್ತದೆ. ಆದುದರಿಂದ “ಬೆಳೆಯುವ ತನಕ ಕಾಯಿರಿ” ಎಂಬುದೇ ಬಹುಕಾಲ ವೈದ್ಯರ ಸಲಹೆಯಾಗಿತ್ತು. ಆದರೆ ಮಗು ಸುಮ್ಮನೆ ಕೂರುವುದುಂಟೇ? ಸಡಿಲವಾದ ಮೊಣಕಾಲಿನಲ್ಲಿ ಓಡಿ ಜಿಗಿದು, ಒಳಗಿನ ಮೃದ್ವಸ್ಥಿಯ ಮೆತ್ತೆಗಳನ್ನೂ ಹರಿದುಕೊಳ್ಳುತ್ತಿತ್ತು.

ಮಿಕೆಲಿ ಮತ್ತು ಸಂಗಡಿಗರು ಕೆನಡಾದ ಮ್ಯಾಕಿಂಟಾಷ್ ಎಂಬ ಶಸ್ತ್ರವೈದ್ಯರ ಹಳೆಯ ವಿಧಾನವೊಂದನ್ನು ಮಕ್ಕಳಿಗೆ ಒಗ್ಗಿಸಿದರು. ತೊಡೆಯ ಹೊರಮಗ್ಗುಲಲ್ಲಿರುವ ಗಟ್ಟಿ ಪಟ್ಟಿಯಿಂದ ಒಂದು ಸೀಳನ್ನು ಮೇಲ್ಗಡೆ ಬಿಡಿಸಿ, ಕೆಳತುದಿಯನ್ನು ಹಾಗೆಯೇ ಉಳಿಸಿ, ಮೂಳೆಯನ್ನು ಬಳಸಿ ಕೀಲಿನೊಳಗೆ ತಂದು ಹೊಲಿದರು. ಎಲ್ಲಿಯೂ ರಂಧ್ರವಿಲ್ಲ, ಫಲಕಕ್ಕೆ ಧಕ್ಕೆಯಿಲ್ಲ.

ಪೀಠದ ಹೊಣೆ

ಶಸ್ತ್ರಕ್ರಿಯೆ ಮುಗಿದ ದಿನ ಅದು ಗೆದ್ದಿತೆಂದು ಹೇಳುವಂತಿಲ್ಲ. ಹತ್ತು ವರ್ಷದ ಮಗುವಿನ ಕಾಲು ನೆಟ್ಟಗೆ ಬೆಳೆಯಿತೇ ಎಂಬುದು ಅದಕ್ಕೆ ಹದಿನಾರು ತುಂಬಿದಾಗ ತಿಳಿಯುವ ಸಂಗತಿ. ಈ ವಿದ್ಯೆಗೆ ಪ್ರಾಧ್ಯಾಪಕ ಪೀಠವು ಅಗತ್ಯವಾಗುವುದು ಇಲ್ಲಿಯೇ. ಒಬ್ಬ ವೈದ್ಯನ ನೆನಪು ಸಾಲದು; ದಾಖಲೆಯಿಡುವ ವಿಭಾಗ ಬೇಕು, ಲೆಕ್ಕವನ್ನು ಮುಂದುವರಿಸುವ ಶಿಷ್ಯರು ಬೇಕು. 2005ರಲ್ಲಿ ಅದೇ ವಿಭಾಗದ ಮಿನಿಂದರ್ ಕೋಚರ್ ಅವರು ಮಿಕೆಲಿಯವರೊಡನೆ 44 ಮಕ್ಕಳ ಫಲಿತಾಂಶವನ್ನು ಪ್ರಕಟಿಸಿದರು. ಮಕ್ಕಳ ಸರಾಸರಿ ವಯಸ್ಸು 10.3 ವರ್ಷ; ಅವರನ್ನು ಗಮನಿಸಿದ ಕಾಲ ಸರಾಸರಿ 5.3 ವರ್ಷ. ಇಬ್ಬರಿಗೆ ಮತ್ತೆ ಶಸ್ತ್ರಕ್ರಿಯೆ ಬೇಕಾಯಿತು. ಬೆಳವಣಿಗೆ ಕುಂಠಿತವಾದದ್ದು ಯಾರಲ್ಲಿಯೂ ಕಂಡುಬರಲಿಲ್ಲ. ಸೋಲನ್ನೂ ಗೆಲುವಿನ ಪಕ್ಕದಲ್ಲಿಯೇ ಬರೆದಿಡುವ ಈ ಪ್ರಾಮಾಣಿಕತೆಯೇ ಅಧ್ಯಾಪಕನ ನಿಜವಾದ ಆಸ್ತಿ.

ಅಲ್ಲಿಗೆ ತಲಪುವ ದಾರಿಯೂ ದೀರ್ಘವಾದುದು. ಅಮೆರಿಕೆಯಲ್ಲಿ ಕಾಲೇಜಿನ 4 ವರ್ಷ, ವೈದ್ಯಶಾಲೆಯ 4 ವರ್ಷ, ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿ 5 ವರ್ಷ. ಅನಂತರ ಮಕ್ಕಳ ಮೂಳೆಶಾಸ್ತ್ರದಲ್ಲಿಯೋ ಕ್ರೀಡಾವೈದ್ಯದಲ್ಲಿಯೋ ಮತ್ತೊಂದು ವರ್ಷ. ಎರಡನ್ನೂ ಕಲಿಯುವವರಿಗೆ ಎರಡು ವರ್ಷ. ಬಳಿಕ ಸಹಾಯಕ, ಸಹ, ಪೂರ್ಣ ಪ್ರಾಧ್ಯಾಪಕ ಎಂಬ ಮೆಟ್ಟಿಲುಗಳು. ರೋಗಿಯ ಆರೈಕೆ, ಪಾಠ, ಸಂಶೋಧನೆ ಈ ಮೂರರಲ್ಲಿಯೂ ಪಳಗಿದವರಿಗೇ ಮೇಲಿನ ಮೆಟ್ಟಿಲು.

ನಮಗೇನು ಪಾಠ?

ಕತ್ತಿಯೇ ಬೇಡವಾಗುವಂತೆ ಮಾಡುವುದು ಈ ಶಸ್ತ್ರವೈದ್ಯರ ಮತ್ತೊಂದು ಸಾಧನೆ. 2007ರಲ್ಲಿ ಅಮೆರಿಕೆಯ ಲಿಟಲ್ ಲೀಗ್ ಬೇಸ್‌ಬಾಲ್ ಸಂಸ್ಥೆಯು, ಒಬ್ಬ ಬಾಲಕನು ದಿನಕ್ಕೆ ಎಷ್ಟು ಎಸೆತಗಳನ್ನು ಎಸೆಯಬಹುದೆಂದು ವಯಸ್ಸಿಗನುಸಾರ ಮಿತಿ ಹಾಕಿತು. 2013ರಲ್ಲಿ ಮಿಕೆಲಿಯವರ ಹೆಸರಿನಲ್ಲಿಯೇ ಆಟದ ಗಾಯಗಳನ್ನು ತಡೆಯುವ ಕೇಂದ್ರವೊಂದು ಬಾಸ್ಟನ್ನಿನ ಸಮೀಪ ಆರಂಭವಾಯಿತು.

ನಮ್ಮ ಮಕ್ಕಳೂ ಕಬಡ್ಡಿ, ಖೊಖೊ, ಕ್ರಿಕೆಟ್ ಆಡುವವರೇ. ಆಡುವಾಗ ಮೊಣಕಾಲು ತಿರುಚಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ಹಚ್ಚಿ ತಿಕ್ಕಿಸಿ ಸುಮ್ಮನಾಗದೆ ಮೂಳೆವೈದ್ಯರಿಗೆ ತೋರಿಸಬೇಕು. ವಾರಕ್ಕೆ ಮಗುವಿನ ವಯಸ್ಸು ಎಷ್ಟೋ ಅಷ್ಟು ಗಂಟೆಗಳಿಗಿಂತ ಹೆಚ್ಚು ಕಾಲ ಕ್ರೀಡಾಭ್ಯಾಸ ಬೇಡವೆಂಬುದು ತಜ್ಞರು ಹೇಳುವ ಸುಲಭವಾದ ಅಳತೆ. ಪದಕಕ್ಕಾಗಿ ಅವಸರಿಸುವ ತಂದೆತಾಯಂದಿರು ನೆನೆಯಬೇಕಾದುದಿಷ್ಟೇ: ಗಿಡವನ್ನು ಬಗ್ಗಿಸುವುದು ಸುಲಭ, ನಿಜ, ಮುರಿಯುವುದು ಅದಕ್ಕಿಂತಲೂ ಸುಲಭ.